ಡಾಕ್ಟರು ಕೇಳಿದ್ದ ಪ್ರಶ್ನೆ

ಲಂಡನ್ನಿನ ಕೆಂಟನ್ ಬಡಾವಣೆಯ ಯಾವ ಅಂಗಡಿಯವನೂ ನೀಲವ್ವನ ಕಣ್ಣಿಗೆ ಮಣ್ಣೆರಚುವಂತಿರಲಿಲ್ಲ. ಅವಳ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೆ ಬಿಸ್ಕತ್ತಿನ ಪೊಟ್ಟಣದ ಹಿಂದೆ ಇರುವೆಸಾಲಿನಂತೆ ಅಚ್ಚಾದ ಅಕ್ಷರಗಳಲ್ಲಿ ಪ್ರಾಣಿಮೂಳೆಯ ಜೆಲಟಿನ್ ಎಲ್ಲಿ ಅಡಗಿ ಕೂತಿದೆ, ಕರುವಿನ ಹೊಟ್ಟೆಯ ರೆನೆಟ್ ಎಲ್ಲಿದೆ ಎಂದು ಹುಡುಕಿಯೇ ತೀರುತ್ತಿದ್ದಳು. ತಿನ್ನಬಾರದ ಪದಾರ್ಥಗಳ ಹೆಸರನ್ನು ಗಂಡ ಶೇಖರಪ್ಪ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಅದು ಸದಾ ಅವಳ ಪರ್ಸಿನಲ್ಲಿರುತ್ತಿತ್ತು. ಧಾರವಾಡದ ಕಡೆಯ ಲಿಂಗವಂತರ ಮನೆಯ ಹೆಣ್ಣುಮಗಳು, ಕೊರಳಲ್ಲಿ ಇಷ್ಟಲಿಂಗ. ಮೊಟ್ಟೆ ಹಾಕಿದ ಕೇಕು ಅಂದರೂ ಮೂಗು ಮುರಿಯುವವಳು. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಆಮೇಲೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಸೂಜಿ, ಆಮೇಲೆ ರೊಟ್ಟಿ. ಹದಿಮೂರು ವರ್ಷ ಈ ಕ್ರಮ ತಪ್ಪಿರಲಿಲ್ಲ.

1997ರ ಒಂದು ಶನಿವಾರ ಮಧ್ಯಾಹ್ನ ಹದಿನೈದರ ಮಗಳು ಸ್ಫೂರ್ತಿ ಶಾಲೆಯ ಪ್ರಾಜೆಕ್ಟು ಹರವಿಕೊಂಡು ಅಡುಗೆಮನೆಯ ಟೇಬಲ್ಲಿನಲ್ಲಿ ಕೂತಿದ್ದಳು. ವಿಷಯ, ಇನ್ಸುಲಿನ್ ಕಂಡುಹಿಡಿದವರು. ನೀಲವ್ವ ಓದಿ ಹೇಳು ಎಂದಳು. ತನ್ನ ಜೀವ ಉಳಿಸಿದ ಪುಣ್ಯಾತ್ಮರ ಹೆಸರಾದರೂ ಗೊತ್ತಿರಬೇಡವೇ?

ಮಗಳು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು. 1921ರ ಬೇಸಿಗೆ, ಕೆನಡಾದ ಟೊರಾಂಟೊ. ದವಾಖಾನೆಗೆ ಜನರೇ ಬಾರದೆ ಕೂತಿದ್ದ ಬ್ಯಾಂಟಿಂಗ್ ಎಂಬ ಡಾಕ್ಟರು, ಬೆಸ್ಟ್ ಎಂಬ ವಿದ್ಯಾರ್ಥಿ, ಇಬ್ಬರಿಗೂ ಪ್ರಯೋಗಾಲಯ ಬಿಟ್ಟುಕೊಟ್ಟ ಮ್ಯಾಕ್ಲಿಯಡ್ ಎಂಬ ಪ್ರೊಫೆಸರು. ನಾಯಿಗಳಿಗೆ ಸಕ್ಕರೆ ಕಾಯಿಲೆ ಬರಿಸಿ, ಬೇರೆ ನಾಯಿಯ ಮೇದೋಜೀರಕ ಗ್ರಂಥಿಯ ರಸ ಚುಚ್ಚಿ ನೋಡಿದರು. ಮರುವರ್ಷ ಜನವರಿಯಲ್ಲಿ, ಸಾಯಲು ಮಲಗಿದ್ದ ಹದಿನಾಲ್ಕರ ಹುಡುಗನಿಗೆ ಆ ಔಷಧ ಕೊಟ್ಟರು. ಮೊದಲ ಸಲ ಫಲ ಸಿಗಲಿಲ್ಲ. ಕಾಲಿಪ್ ಎಂಬವನು ಅದನ್ನು ಶುದ್ಧಮಾಡಿಕೊಟ್ಟ ಮೇಲೆ ಹುಡುಗ ಚೇತರಿಸಿಕೊಂಡ. ನೀಲವ್ವ ಆ ಹುಡುಗನಿಗಾಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ನಾಯಿಗಳಿಗಾಗಿಯೂ.

ಅಷ್ಟೊಂದು ರೋಗಿಗಳಿಗೆ ನಾಯಿ ಎಲ್ಲಿಂದ ತಂದರು ಎಂದು ಕೇಳಿದಳು. ನಾಯಿ ಬಿಟ್ಟು, ಕಸಾಯಿಖಾನೆಯಿಂದ ದನದ್ದು, ಹಂದಿಯದ್ದು ತರಿಸತೊಡಗಿದರು. ಈಗ ಬ್ಯಾಕ್ಟೀರಿಯಾದಿಂದಲೂ ಮಾಡುತ್ತಾರೆ ಎಂದಳು ಮಗಳು. ಅವ್ವನದು ಯಾವುದೋ ನೋಡೋಣವೆಂದು ಫ್ರಿಜ್ಜಿನಿಂದ ಡಬ್ಬಿ ತೆಗೆದು ಓದಿದವಳ ಮುಖ ಬಿಳಚಿತು.

"ಪೋರ್ಸೈನ್ ಅಂತ ಐತಿ. ಇಟ್ಸ್ ಫ್ರಮ್ ಪಿಗ್ಸ್, ಅವ್ವಾ."

ನೀಲವ್ವ ಕೋಣೆಯಿಂದ ಪರ್ಸು ತಂದಳು. ಪರ್ಸಿನ ಚೀಟಿ ತೆಗೆದು ಮಗಳ ಮುಂದಿಟ್ಟಳು. ಆ ಪದ ಅದರಲ್ಲಿರಲಿಲ್ಲ. ಹೊಟ್ಟೆಗೆ ಹೋದದ್ದಾದರೆ ಗಂಟಲಿಗೆ ಬೆರಳು ಹಾಕಿ ಕಕ್ಕಬಹುದಿತ್ತು. ರಕ್ತಕ್ಕೆ ಹೋದದ್ದನ್ನು ಎಲ್ಲಿಂದ ಉಗುಳುವುದು? ದಿನಕ್ಕೆರಡು ಸಲ, ಹದಿಮೂರು ವರ್ಷ, ಅದೂ ಪೂಜೆಯ ಕೈಯಿಂದಲೇ! ಲಿಂಗದ ಕಡೆಗೆ ಹೋದ ಕೈ ನಡುವೆಯೇ ನಿಂತುಬಿಟ್ಟಿತು.

ಆ ಸಂಜೆ ಅವಳು ಸೂಜಿ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆಯೂ ಮುಟ್ಟಲಿಲ್ಲ. ಹತ್ತಿರದ ಹೇಸ್ ಪೇಟೆಯ ಗೋದಾಮಿನಲ್ಲಿ ಒಂದರ ಹಿಂದೊಂದು ಎರಡು ಪಾಳಿ ಮುಗಿಸಿ ಆ ಮಧ್ಯಾಹ್ನ ಶೇಖರಪ್ಪ ಬಂದಾಗ, ನಾಲಿಗೆ ಒಣಗಿ, ಎರಡು ಸಲ ವಾಂತಿಯಾಗಿ, ಅವಳು ಕುರ್ಚಿಯಲ್ಲಿ ಒರಗಿದ್ದಳು. ಸ್ಫೂರ್ತಿ ಡಬ್ಬಿ ಹಿಡಿದು ಅಳುತ್ತಿದ್ದಳು. ಹೀಗೇ ಇನ್ನೊಂದೆರಡು ದಿನ ಕಳೆದರೆ ಅವಳು ಉಳಿಯುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.

"ನಿಮಗ ಗೊತ್ತಿತ್ತೇನ್ರಿ?"

ಶೇಖರಪ್ಪ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಮೊದಲ ದಿನದಿಂದಲೂ ಗೊತ್ತು ಎಂದ.

ಮೊದಲ ದಿನ ನೀಲವ್ವನಿಗೂ ಚೆನ್ನಾಗಿ ನೆನಪಿತ್ತು. ಲಂಡನ್ನಿಗೆ ಬಂದ ವರ್ಷವೇ ಮೂಳೆ ಚಕ್ಕಳವಾಗಿ ಆಸ್ಪತ್ರೆ ಸೇರಿದ್ದಳು. ಡಾಕ್ಟರು ಬಾಗಿ ಅವಳನ್ನು ಏನೋ ಕೇಳಿದ್ದರು. ಇಂಗ್ಲಿಷು ಬಲ್ಲವನು ಗಂಡನೊಬ್ಬನೇ. ಕೂಸಿನ ಸಲುವಾಗಿ ಬದುಕುತ್ತೀಯಾ ಎಂದು ಕೇಳುತ್ತಿದ್ದಾರೆ ಅಂದಿದ್ದ. ಎರಡು ವರ್ಷದ ಸ್ಫೂರ್ತಿಯನ್ನು ನೆನೆದು ಅವಳು ತಲೆಯಾಡಿಸಿದ್ದಳು. ಡಾಕ್ಟರು ನಿಜವಾಗಿ ಕೇಳಿದ್ದನ್ನು ಶೇಖರಪ್ಪ ಈಗ ಹೇಳಿದ: ಇದು ಹಂದಿಯಿಂದ ತೆಗೆದದ್ದು, ನಿಮ್ಮ ಧರ್ಮಕ್ಕೆ ಅಡ್ಡಿಯಿಲ್ಲವೇ ಎಂದು.

ಅಷ್ಟಕ್ಕೇ ಮುಗಿಯಲಿಲ್ಲ. ಮುಂದೆ ಬ್ಯಾಕ್ಟೀರಿಯಾದ ಇನ್ಸುಲಿನ್ ಕೊಡುತ್ತೇವೆಂದು ಡಾಕ್ಟರೇ ಹೇಳಿದಾಗ, ಯಾಕೆ ಬದಲಾಯಿತೆಂದು ಹೆಂಡತಿ ಕೇಳಿಯಾಳು, ಗುಟ್ಟು ಹೊರಬಿದ್ದೀತು ಎಂದು ಹೆದರಿ ಈ ಮಹಾಶಯನೇ ಬೇಡ ಅಂದಿದ್ದನಂತೆ. ಚೀಟಿಯಲ್ಲಿ ಆ ಒಂದು ಪದ ಬಿಟ್ಟದ್ದೂ ಅದೇ ಹೆದರಿಕೆಗೆ. ಹೆದರಿಕೆ ಇವನದು, ಹಂದಿ ಅವಳಿಗೆ.

ನೀಲವ್ವ ಚೀಟಿಯನ್ನು ಅವನ ಕೈಗಿಟ್ಟಳು. ಆಮೇಲೆ ಕೇಳಿದಳು.

"ಅವತ್ತ ಖರೇ ಹೇಳಿದ್ರ ನಾ ಏನಂತಿದ್ದೆ?"

"ಒಲ್ಲೆ ಅಂತಿದ್ದಿ ನೀಲಾ. ಸತ್ತು ಹೋಗ್ತಿದ್ದಿ."

ಅದು ನಿಜವಾಗಿತ್ತು. ಈ ಎರಡು ದಿನದ ಆಘಾತಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದು. ಎರಡು ವರ್ಷದ ಕೂಸನ್ನು ಬಿಟ್ಟು, ಪುಣ್ಯ ಕಟ್ಟಿಕೊಂಡೆ ಎಂದುಕೊಳ್ಳುತ್ತ ಅವಳು ಹೋಗಿಬಿಡುತ್ತಿದ್ದಳು. ಎದುರಿಗೆ ಆ ಕೂಸೇ ಹದಿನೈದರ ಹುಡುಗಿಯಾಗಿ ಮೂಗೊರೆಸಿಕೊಳ್ಳುತ್ತ ನಿಂತಿತ್ತು.

ನೀಲವ್ವ ಡಬ್ಬಿ ಇಸಿದುಕೊಂಡಳು. ಸಿರಿಂಜಿಗೆ ಔಷಧ ಎಳೆದಳು. ಹಂದಿಯದು ಎಂದು ಬಾಯಿಬಿಟ್ಟು ಹೇಳಿ, ಗೊತ್ತಿದ್ದೂ ಗೊತ್ತಿದ್ದೂ, ಹೊಟ್ಟೆಗೆ ಚುಚ್ಚಿಕೊಂಡಳು. ಆಮೇಲೆ ಆಸ್ಪತ್ರೆಗೆ ಹೋಗಲು ಟ್ಯಾಕ್ಸಿ ಕರೆಸಲು ಹೇಳಿದಳು. ಶೇಖರಪ್ಪ ಅವಳ ಕೋಟು ತರಲು ಎದ್ದ.

"ನೀವು ಮನ್ಯಾಗ ಇರ್ರಿ," ಅಂದಳು ನೀಲವ್ವ. ಮಗಳ ಕಡೆ ತಿರುಗಿದಳು. "ನೀ ಬಾ ನನ್ನ ಜೋಡಿ. ಡಾಕ್ಟರ್ ಏನ್ ಕೇಳ್ತಾರ, ಅದನ್ನಷ್ಟ ನನಗ ಹೇಳು."