ನೀರು ಕುಡಿದ ಹಡಗ

ಮಳೆ ಹಿಡಿದ ಮೇಲೆ ನಮ್ಮ ಮುಂಬಾಗಿಲು ಉಬ್ಬಿ ಚೌಕಟ್ಟಿಗೆ ಕೂರುತ್ತಿಲ್ಲ. ಬೆಳಿಗ್ಗೆ ಹೆಗಲು ಕೊಟ್ಟು ನೂಕಿದೆ, ಬೈದೆ, ಕೊನೆಗೆ ಬಡಿಗನಿಗೆ ಫೋನ್ ಮಾಡಿ ಕೆತ್ತಿ ಸರಿಮಾಡು ಬಾ ಎಂದೆ. ಅಷ್ಟರಲ್ಲಿ ಒದ್ದೆ ಕಟ್ಟಿಗೆಯ ವಾಸನೆ ಮೂಗಿಗೆ ಬಡಿಯಿತು ನೋಡಿ, ಸೊನ್ನದ ಬ್ಯಾರೇಜು ಇನ್ನೂ ಆಗಿರದ ಕಾಲದ ಭೀಮೆಯ ದಂಡೆಗೆ ಹೋಗಿ ಕುಂತೆ.

ನಮ್ಮೂರಿನವರು ಕಡಲು ಕಂಡವರಲ್ಲ. ಹಾಯಿ ಇದ್ದ ದೊಡ್ಡ ಕಟ್ಟಿಗೆ ದೋಣಿಯನ್ನೇ ಹಡಗ ಅನ್ನುತ್ತಿದ್ದರು. ನಮ್ಮೂರ ಹಡಗ ನಿಜಾಮನ ಕಾಲದ್ದು. ಅದು ತಳ ಕೊಳೆತು ದಂಡೆ ಹತ್ತಿ ಕುಳಿತ ಮೇಲೆ ಆಚೆಯ ದಂಡೆ ಪರದೇಶವಾಯಿತು. ಅಲ್ಲಿ, ಜೇವರ್ಗಿ ಕಡೆಯ ಊರಲ್ಲಿ, ಅವ್ವನ ಅಕ್ಕ ಹಾಸಿಗೆ ಹಿಡಿದಿದ್ದಳು. ಬಸ್ಸಿನಲ್ಲಿ ಸುತ್ತಿ ಹೋಗಬಹುದಿತ್ತು. ಆದರೆ ಅವ್ವನಿಗೆ ಬಸ್ಸಿನ ಹೊಗೆ ಕಂಡರೇ ವಾಂತಿ. ಒಮ್ಮೆ ಹೊರಟವಳು ಮುಂದಿನ ಊರಲ್ಲೇ ಇಳಿದು ಅಳುತ್ತ ನಡೆದು ಬಂದಿದ್ದಳು.

ಹಡಗದ ದುರಸ್ತಿಯ ಯಜಮಾನಿಕೆ ಅಪ್ಪನದು. ಹೊಸ ಹಲಗೆ ಬಡಿಸಿದ. ಹೆಂಗಸರು ಕೌದಿ ಹೊಲಿಯುವ ಸೂಜಿಯಲ್ಲೇ ಹಾಯಿ ಹೊಲಿದರು. ಅವ್ವ ಅದರ ಮೂಲೆಗೆ ಕೌದಿಗಿಡುವ ಕುಚ್ಚನ್ನೂ ಇಟ್ಟಳು. ಜೋಳ, ತೊಗರಿ, ಮೆಣಸಿನಕಾಯಿ, ಎಲ್ಲವನ್ನೂ ಒಣಗಿಸಿಯೇ ಕಾಪಾಡಿಕೊಂಡು ಬಂದ ಜನ ನಾವು. "ಹಸಿ ಕಟ್ಟಿಗಿ ನಂಬಬಾರ್ದು, ಚಂದಾಗಿ ಒಣಗ್ಲಿ," ಎಂದು ಅಪ್ಪ ಹಡಗವನ್ನು ಇಡೀ ಬೇಸಿಗೆ ಬಿಸಿಲಿಗೆ ಹಾಕಿದ.

ಮಳೆ ಬಿದ್ದು ಹೊಳೆ ಬಂತು. ಕಾಯಿ ಒಡೆದು ಹಡಗವನ್ನು ನೀರಿಗೆ ನೂಕಿದರು. ರೊಟ್ಟಿಯ ಗಂಟು ಹಿಡಿದು ಅವ್ವ ಎಲ್ಲರಿಗಿಂತ ಮೊದಲು ಹತ್ತಿದಳು. ದಂಡೆ ಬಿಡುವ ಮೊದಲೇ ಸಂದುಸಂದಿನಿಂದ ನೀರು ನುಗ್ಗಿತು. ಎಲ್ಲರೂ ಮೊಣಕಾಲುದ್ದ ನೀರಿಗೆ ಹಾರಿದರು. ಹಡಗ ಸಾವಕಾಶ ತಳ ಹಿಡಿಯಿತು. ಅಪ್ಪ ತಲೆಮೇಲೆ ಕೈ ಹೊತ್ತು ಕುಂತ.

ಅವ್ವ ಸೀರೆಯ ಅಂಚು ಹಿಂಡುತ್ತ ಅವನನ್ನು ಕೇಳಿದಳು: "ಗಾಡಿ ಗಾಲಿ ಒಣಗಿ ಸಡ್ಲಾದ್ರ ಏನ್ ಮಾಡ್ತೀರಿ?"

"ಹಳ್ಳದಾಗ ನೆನಿಯಾಕ ಇಡ್ತೀವಿ."

"ಮತ್ತ ಇದು ಕಟ್ಟಿಗಿ ಅಲ್ಲೇನ್ರಿ? ಅಲ್ಲೇ ಬಿಡ್ರಿ, ಕುಡೀಲಿ."

ಹಗ್ಗ ಕಟ್ಟಿ ಬಿಟ್ಟರು. ಅವ್ವ ದಿನಾ ಹೋಗಿ ನೋಡಿ ಬರುವಳು. ಒಂದು ವಾರ ಕಳೆದು ನೀರು ಮೊಗೆದು ಚೆಲ್ಲಿದರೆ, ಹಲಗೆಗಳು ಉಬ್ಬಿ ಒಂದಕ್ಕೊಂದು ಒತ್ತಿ ಕುಂತಿದ್ದವು. ಅವ್ವ ಮತ್ತೆ ರೊಟ್ಟಿ ಬಡಿದಳು. ಕುಚ್ಚಿನ ಹಾಯಿ ಗಾಳಿ ಹಿಡಿಯಿತು. ಅಪ್ಪ ನಡುಹೊಳೆಯ ತನಕ ಕಾಲಬುಡವನ್ನೇ ನೋಡುತ್ತಿದ್ದ. ಒಂದು ಹನಿ ಜಿನುಗಲಿಲ್ಲ. ಆಗ ತಲೆ ಎತ್ತಿದ. ಪಕ್ಕದಲ್ಲಿ ಕುಂತಿದ್ದ ನಾನೂ ಎತ್ತಿದೆ.

ಆಚೆ ದಂಡೆಯಲ್ಲಿ ದೊಡ್ಡವ್ವ ಹಾಸಿಗೆ ಬಿಟ್ಟು ಎದ್ದು ಬಂದು, ಕಂಬಳಿ ಹೊದ್ದು, ಕೋಲೂರಿ ನಿಂತಿದ್ದಳು. "ಎಷ್ಟ್ ತಡಾ ಮಾಡ್ದಿ ಬೇ!"

"ಹಡಗಕ್ಕ ನೀರಡಿಕಿ ಆಗಿತ್ತಕ್ಕಾ," ಎಂದಳು ಅವ್ವ. "ಕುಡದ ಬಂತು."

ಇಬ್ಬರೂ ನಕ್ಕರು, ಆಮೇಲೆ ಅತ್ತರು.

ಬಡಿಗನಿಗೆ ಮತ್ತೆ ಫೋನ್ ಮಾಡಿ ಬರಬೇಡ ಎಂದೆ. ಬಾಗಿಲೂ ಕುಡೀಲಿ. ಈ ಮಳೆಗಾಲ ಅದು ಅರ್ಧ ತೆರೆದೇ ಇರುತ್ತದೆ. ನೀವು ಈ ಕಡೆ ಬಂದರೆ ತಟ್ಟುತ್ತ ನಿಲ್ಲಬೇಡಿ, ಒಳಗೆ ಬನ್ನಿ.