ಪಕ್ಕೆಯಿಂದ ಕೈ ಚಾಚುವ ಕಾರು

ಗೆಳೆಯರೇ, ಕಾರಿನ ಪಕ್ಕೆಯಿಂದ ಕೈ ಹೊರಬರುವುದನ್ನು ಯಾರಾದರೂ ಕಂಡಿದ್ದೀರಾ? ನಾನು ಇವತ್ತು ಕಂಡೆ! ಶಿವಮೊಗ್ಗದ ಹೊಸಮನೆಯಲ್ಲಿ ರಾಯರೊಬ್ಬರು ನಾಲ್ಕು ಹಳೇ ಕಾರುಗಳನ್ನು ಸಾಕಿದ್ದಾರೆ. ಅವನ್ನು ನೋಡಲೆಂದೇ ಭದ್ರಾವತಿಯಿಂದ ಬಸ್ಸು ಹತ್ತಿದ್ದೆ. ಅದರಲ್ಲೊಂದು ಕರಿ ಕಾರಿಗೆ ಮಿನುಗುವ ಇಂಡಿಕೇಟರೇ ಇಲ್ಲ. ಗುಂಡಿ ತಿರುಗಿಸಿದರೆ ಬಾಗಿಲ ಪಕ್ಕದ ಸೀಳಿನಿಂದ ಗೇಣುದ್ದದ ಕೆಂಪು ಕೈ ಟಕ್ಕೆಂದು ಹೊರಚಾಚುತ್ತದೆ, ಅದರೊಳಗೆ ದೀಪ ಹತ್ತುತ್ತದೆ. ಇಷ್ಟು ಚೆಂದದ ಉಪಾಯವನ್ನು ಜನ ಮರೆತಿದ್ದಾದರೂ ಹೇಗೆ!

"ಬಾರೋ, ಒಂದು ರೌಂಡ್ ಹೋಗೋಣ. ಬರ್ತಾ ನೀನೇ ಓಡಿಸುವಂತೆ," ಎಂದರು ರಾಯರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಗಾಂಧಿ ಬಜಾರಿನ ತಿರುವಿನಲ್ಲಿ ಆಟೋವೊಂದು ನಮಗೆ ಗುದ್ದುವಷ್ಟರಲ್ಲಿ ನಿಂತಿತು.

"ಸಿಗ್ನಲ್ ಕೊಡದೆ ತಿರುಗಿಸ್ತೀರಲ್ಲ ಯಜಮಾನ್ರೇ!" ಎಂದ ಆಟೋದವನು.

"ಕೊಟ್ಟಿದೀನಿ, ಕೈ ಕಾಣಲ್ವೇನಯ್ಯ?"

"ಅಯ್ಯೋ, ಬಾಗಿಲ ತಗಡು ಕಿತ್ಕೊಂಡಿದೆ ಅಂದ್ಕೊಂಡೆ ಮಾರಾಯ್ರೆ!"

ಸುತ್ತಲಿದ್ದವರು ನಕ್ಕರು. ರಾಯರು ನನ್ನತ್ತ ತಿರುಗಿದರು. "ಹೇಳೋ, ತಿರುಗಿಸೋಕೆ ಮುಂಚೇನೇ ಹಾಕಿದ್ದೆ ತಾನೆ?"

ಹೌದೆಂದರೆ ಬರುವಾಗ ಸ್ಟೀರಿಂಗ್ ನನ್ನ ಕೈಗೇ. ಬಾಯಿ ಕೇಳಬೇಕಲ್ಲ! "ಇಲ್ಲ ಸಾರ್, ತಿರುಗಿಸಿದ ಮೇಲೆ ಹಾಕಿದ್ರಿ."

ವಾಪಸ್ ಬರುವಾಗಲೂ ಅವರೇ ಓಡಿಸಿದರು. ಯಾರೂ ಇಲ್ಲದ ರಸ್ತೆಯಲ್ಲೂ ಪ್ರತಿ ತಿರುವಿಗೆ ಮುಂಚೆ ಕಾರಿನ ಕೈ ಹೊರಚಾಚಿಸಿ, "ನೋಡ್ಕೋ, ಈಗ ಮೊದಲೇ ಹಾಕಿದೀನಿ," ಎನ್ನುತ್ತಿದ್ದರು. ಕೊನೆಗೆ ತಮ್ಮ ಮನೆಯ ಗೇಟಿನೊಳಗೆ ತಿರುಗುವಾಗಲೂ ಆ ಕೆಂಪು ಕೈ ತೋರಿಸಿದರು.

ನನಗೆ ಸ್ಟೀರಿಂಗ್ ತಪ್ಪಿತು. ಆದರೆ ಇವತ್ತು ಶಿವಮೊಗ್ಗದಲ್ಲಿ ಅಷ್ಟು ನಿಯತ್ತಾಗಿ ಓಡಿದ ಗಾಡಿ ಇನ್ನೊಂದು ಇರಲಿಕ್ಕಿಲ್ಲ!