ನಾಲಿಗೆ ತಿನ್ನುವ ಮಣ್ಣು

ನಮ್ಮ ಆಟದಲ್ಲಿ ನಿಯಮ ಮಾಡುವವಳು ನಾನು. ಮೈಲೂರಿನ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ನಾಲ್ಕು ಜನ ಸೇರುತ್ತಿದ್ದೆವು. ಒಬ್ಬರು ಕಥೆ ನಡೆಸಬೇಕು, ಉಳಿದವರು ತಾವೇ ಕಟ್ಟಿದ ಪಾತ್ರವಾಗಿ ಅದರೊಳಗೆ ಇಳಿದು ಮಾತಾಡಬೇಕು. ಏಟು ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಮನೆಯಲ್ಲೂ ಪಾಠ ಹೇಳುವ ಚಟ ಬಿಡದು. ಆ ವರ್ಷ ಎಲ್ಲರೂ ನಿಸರ್ಗದಿಂದಲೇ ಪಾತ್ರ ಕಟ್ಟಬೇಕೆಂದು ಹುಕುಂ ಹೊರಡಿಸಿದೆ. ಪ್ರತಿ ಪಾತ್ರಕ್ಕೂ ಒಂದು ಆಸೆ ಇರಬೇಕು, ಒಂದು ಭಯ ಇರಬೇಕು, ಶಕ್ತಿ ಬಳಸಿದಾಗಲೆಲ್ಲ ಅದು ತನ್ನದೇನನ್ನಾದರೂ ಕಳೆದುಕೊಳ್ಳಬೇಕು. ಏನನ್ನೂ ಕಳೆದುಕೊಳ್ಳದ ಪಾತ್ರವನ್ನು ಯಾರೂ ನಂಬುವುದಿಲ್ಲ ಎಂದು ಭಾಷಣ ಬೇರೆ ಬಿಗಿದೆ. ಆ ಮೂರನೆಯ ಮಾತನ್ನು ಆಡದೇ ಇದ್ದಿದ್ದರೆ ಎಂದು ಈಗಲೂ ಅನಿಸುತ್ತದೆ.

ಔರಾದಿನಿಂದ ಬೈಕಿನಲ್ಲಿ ಬರುತ್ತಿದ್ದ ದನದ ಡಾಕ್ಟರ್ ಗೆಳೆಯ ಒಂದು ಚಿಗರಿಯನ್ನು ತಂದ. ಅದಕ್ಕೆ ರೆಕ್ಕೆ, ಬೆಂಕಿ ಉಗುಳುವ ಕೊಂಬು, ಮಾಯವಾಗುವ ವಿದ್ಯೆ. "ಇದು ಚಿಗರಿ ಅಲ್ಲೋ, ಮದುವಿ ಬ್ಯಾಂಡು" ಎಂದು ಹಾಳೆ ಹರಿದೆ. ಭಾಲ್ಕಿಯಿಂದ ಬರುತ್ತಿದ್ದ ಅಕ್ಕ ಮಾಂಜ್ರಾ ಹೊಳೆಯನ್ನೇ ಹೆಂಗಸು ಮಾಡಿದಳು. ಉಕ್ಕಿ ಹರಿದಾಗಲೆಲ್ಲ ಆಕೆಗೆ ತನ್ನ ದಂಡೆಯ ಒಂದು ಊರು ಮರೆತುಹೋಗುತ್ತಿತ್ತು. ಅದು ಪರವಾಗಿಲ್ಲ ಅನಿಸಿತು.

ನಾಲ್ಕನೆಯವರು ಚಾಚಾ. ಅಪ್ಪನ ಗೆಳೆಯರು, ಬಿದ್ರಿ ಕೆಲಸದ ಉಸ್ತಾದರು. ಅಪ್ಪ ತೀರಿಕೊಂಡ ಮೇಲೂ ನಮ್ಮಲ್ಲಿ ಭಾನುವಾರದ ಚಹಾ ತಪ್ಪಿಸಿರಲಿಲ್ಲ. ನಮ್ಮ ಗದ್ದಲ ಕೇಳಿ ಮಾಳಿಗೆ ಹತ್ತಿ ಬಂದವರು ಆಟಗಾರರೇ ಆಗಿಬಿಟ್ಟರು. ಬಿದ್ರಿ ಸಾಮಾನು ಕಪ್ಪಾಗುವುದು ಕೋಟೆಯೊಳಗಿನ ಹಳೆಯ ಮಣ್ಣಿನಿಂದ, ಎಷ್ಟೋ ಕಾಲ ಬಿಸಿಲು ಮಳೆ ಕಾಣದೆ ಬಿದ್ದ ಮಣ್ಣಿನಿಂದ. ಅದನ್ನು ನೀರಲ್ಲಿ ಕಾಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಯಾವ ಮಣ್ಣು ಕೆಲಸಕ್ಕೆ ಬರುತ್ತದೆ ಎಂದು ತಿಳಿಯಲು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು ನೋಡುತ್ತಾರೆ. ಅವರ ಗಲ್ಲಿಯಲ್ಲಿ ಚಾಚಾ ಹ್ಞೂಂ ಅಂದ ಮಣ್ಣನ್ನೇ ಎಲ್ಲರೂ ಬಳಸುತ್ತಿದ್ದರು.

ಅವರ ಪಾತ್ರವೂ ಆ ಮಣ್ಣೇ. "ಎಲ್ಲಾನೂ ಕರ್ರಗ ಮಾಡೋದು ಅದರ ಆಸಿ, ಬೇಟಿ. ಬೆಳಕಂದ್ರ ಅಂಜಿಕಿ" ಎಂದರು. ಕಳೆದುಕೊಳ್ಳುವುದು ಏನು ಎಂದು ಕೇಳಿದೆ. ದಾಳವನ್ನು ಅಂಗೈಯಲ್ಲಿ ಒಮ್ಮೆ ಹೊರಳಿಸಿದರು.

"ನಾಲಿಗಿ. ಒಂದೊಂದೇ ರುಚಿ ಹೋಗ್ತದ."

ನಾನು ಎದ್ದು ಕುಣಿಯುವುದೊಂದು ಬಾಕಿ. ಇಂಥ ಪಾತ್ರಕ್ಕಾಗಿಯೇ ಕಾದಿದ್ದೆ. ಮೊದಲ ವಾರ ಶತ್ರುಗಳ ದಂಡು ಬಂದಾಗ ಚಾಚಾರ ಮಣ್ಣು ಅವರ ಕುದುರೆಗಳ ಗೊರಸಿನಿಂದ ಹತ್ತಿ, ಕತ್ತಿಗಳನ್ನೆಲ್ಲ ಕಪ್ಪು ಮಾಡಿ ಪುಡಿ ಉದುರಿಸಿತು. ಆಮೇಲೆ ಅವರು ತಗ್ಗಿದ ದನಿಯಲ್ಲಿ ಕಳೆದುಕೊಂಡದ್ದನ್ನು ಹೇಳಿದರು: "ಸಿಹಿ ಹೋಯ್ತು. ಖೀರು ಬಾಯಾಗ ಇಟ್ಟರ ಒದ್ದಿ ಹತ್ತಿ ಅಗದಂಗ ಆಗ್ತದ. ಮನ್ಯಾಗ ಎಲ್ಲಾರೂ ವಾಹ್ ಅಂತಾರ. ನಾನೂ ವಾಹ್ ಅಂತೀನಿ."

ನಮ್ಮ ಮೈ ಜುಮ್ಮೆಂದಿತು. ಪಾತ್ರ ಕಟ್ಟುವುದೆಂದರೆ ಹೀಗೆ ಎಂದು ಡಾಕ್ಟರನಿಗೆ ಬುದ್ಧಿ ಹೇಳಿದೆ. ಮಣ್ಣಿಗೆ ಎಲ್ಲಿಯ ಮನೆ, ಎಲ್ಲಿಯ ಖೀರು ಎಂದು ಕೇಳುವ ಬುದ್ಧಿ ಮಾತ್ರ ನನಗೆ ಬರಲಿಲ್ಲ.

ಎರಡು ವಾರದ ನಂತರ ಹುಳಿ ಹೋಯಿತು. ಪುಂಡಿ ಪಲ್ಯಕ್ಕೂ ಹುಲ್ಲಿಗೂ ಫರಕು ಉಳಿದಿಲ್ಲ ಎಂದರು. ಅವತ್ತು ಮಂಡಕ್ಕಿ ಸುಸಲಾ ತಿಂದು ಮೆಟ್ಟಿಲು ಇಳಿಯುವಾಗ ಅಕ್ಕ ನನ್ನ ತೋಳು ಹಿಡಿದಳು.

"ಚಾಚಾ ಸುಸಲಾಕ್ಕ ಮೂರು ಸಲ ಉಪ್ಪು ಹಾಕ್ಕೊಂಡ್ರು, ನೋಡಿದಿ?"

"ಪಾತ್ರದಾಗ ಮುಳಗ್ಯಾರ, ಬಿಡು" ಎಂದೆ. ಅಕ್ಕ ಬಿಡಲಿಲ್ಲ. ಅವರು ನಗುವುದು ಕಡಿಮೆಯಾಗಿದೆ, ಚಹಾ ಕುಡಿಯುವ ಮೊದಲು ನಮ್ಮ ಮುಖ ನೋಡುತ್ತಾರೆ ಎಂದಳು. ಎಲ್ಲದರಲ್ಲೂ ಹುಳುಕು ಹುಡುಕುತ್ತೀ ಎಂದು ಅವಳ ಬಾಯಿ ಮುಚ್ಚಿಸಿದೆ.

ಮುಂದಿನ ಆಟದಲ್ಲಿ ನಗರಕ್ಕೆ ಮುತ್ತಿಗೆ ಬಿದ್ದಿತ್ತು. ಮಣ್ಣು ಎದ್ದರೆ ಮಾತ್ರ ಉಳಿವು. ನಾನು ಠೀವಿಯಿಂದ, "ಈ ಸಲ ಉಪ್ಪು ಕೊಡಬೇಕಾಗ್ತದ್ರಿ ಚಾಚಾ" ಎಂದೆ.

ಅವರ ಕೈ ದಾಳದ ಮೇಲೆ ನಿಂತಿತು. "ಉಪ್ಪೊಂದು ಬಿಟ್ಟುಬಿಡು, ಬೇಟಿ."

"ನಿಯಮ ಅಂದ್ರ ನಿಯಮ ರಿ."

ಅವರು ದಾಳ ಒಗೆದರು. ಗೆದ್ದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರ್ ಶುರು ಮಾಡಲು ಒದೆಯುತ್ತಲೇ ಇದ್ದರು, ಅದು ಶುರುವಾಗುತ್ತಿರಲಿಲ್ಲ. ಕಳೆದುಕೊಂಡದ್ದನ್ನು ಆ ದಿನ ಚಾಚಾ ವರ್ಣಿಸಲೂ ಇಲ್ಲ. ಟೋಪಿ ಸರಿಮಾಡಿಕೊಂಡು ಎದ್ದುಹೋದರು. ಆಟ ರಂಗೇರಿತು ಎಂದೇ ನಾನು ಹೇಳಿಕೊಂಡೆ.

ಮರು ಭಾನುವಾರ ಅವರು ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ನಾವೆಲ್ಲ ಸೇರಿದ ಮೇಲೆ ಜೇಬಿನಿಂದ ಎರಡು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದರು. ಎರಡರಲ್ಲೂ ಮಣ್ಣು, ನೋಡಲು ಒಂದೇ ಥರ.

"ನಾಲಿಗಿ ಮ್ಯಾಲ ಇಟ್ಟು ನೋಡು. ಯಾವುದು ಚುರುಗುಡ್ತದ ಹೇಳು. ಅದೇ ಕೆಲಸದ ಮಣ್ಣು."

ಇದೂ ಆಟದ ಭಾಗವೆಂದುಕೊಂಡು ನಗುತ್ತಲೇ ಇಟ್ಟುಕೊಂಡೆ. ಮೊದಲನೆಯದು ಬರೀ ಮಣ್ಣು. ಎರಡನೆಯದು ಉಪ್ಪುಪ್ಪಾಗಿ ನಾಲಿಗೆಯ ತುದಿಗೆ ಸೂಜಿ ಆಡಿಸಿದ ಹಾಗಾಯಿತು. ಇದಕ್ಕೆ ಉಸ್ತಾದಗಿರಿ ಏನೂ ಬೇಕಿರಲಿಲ್ಲ, ಯಾರಿಗಾದರೂ ತಿಳಿಯುತ್ತಿತ್ತು. ಎರಡನೆಯದು ಎಂದೆ.

"ನನಗ ಎರಡೂ ಒಂದೇ" ಎಂದರು ಚಾಚಾ.

ಅಕ್ಕ ಕಣ್ಣು ಮುಚ್ಚಿಕೊಂಡಳು. ಅವರೇ ಮುಂದುವರಿಸಿದರು. ಜ್ವರ ಬಂದು ಹೋದಮೇಲೆ ನಾಲಿಗೆಯ ರುಚಿ ಒಂದೊಂದಾಗಿ ಹೋಗಲು ಶುರುವಾಯಿತಂತೆ. ಆಸ್ಪತ್ರೆಯ ಡಾಕ್ಟರು ನರದ ದೋಷ, ಬಂದರೆ ಬರಬಹುದು ಎಂದರಂತೆ. ಮನೆಯಲ್ಲಿ ಗೊತ್ತಿಲ್ಲ, ಗಲ್ಲಿಯಲ್ಲಿ ಗೊತ್ತಿಲ್ಲ. "ಎಲ್ಲಿ ಹೇಳಲಿ? ಇಲ್ಲಾದ್ರ ಆಟ ಅಂತ ಹೇಳಬಹುದಿತ್ತು. ಹೋದ ತಿಂಗಳ ನಾ ಹ್ಞೂಂ ಅಂದ ಮಣ್ಣಿನಾಗ ಹನ್ನೆರಡು ಹೂದಾನಿ ಬೂದಿಬಣ್ಣ ಆದ್ವು. ಕಾಸಿದವರಿಗೆ ಬೈದೆ. ನಲವತ್ತು ವರ್ಷದಾಗ ನನ್ನ ಮಾತಿಗೆ ಯಾರೂ ಎದುರು ಆಡಿಲ್ಲ, ಅವರೂ ಸುಮ್ಮನೆ ಬೈಸಿಕೊಂಡ್ರು."

ಬೆಳಗಾದರೆ ಗಲ್ಲಿಯವರು ಹೊಸ ಚೀಲದ ಮಣ್ಣು ತಂದು ಅವರ ಮುಂದೆ ಸುರಿಯುವವರಿದ್ದರು. ಕಾರ್ಖಾನೆಗಳಲ್ಲಿ ಬೆಳ್ಳಿ ಕೂರಿಸಿ ಮುಗಿಸಿದ ಸಾಮಾನು ಸಾಲಾಗಿ ಕಾಯುತ್ತಿತ್ತು. ನಾನು ಹೇಳಿದ ಪೊಟ್ಟಣಕ್ಕೆ ಚಾಚಾ ದಾರ ಸುತ್ತಿದರು. ಉಪ್ಪು ಕೊಡಿ ಎಂದು ಠೀವಿಯಿಂದ ಕೇಳಿದ್ದ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

"ಬೇಟಿ, ಕಳಕೊಂಡಿದ್ದು ತಿರುಗಿ ಬರೋ ನಿಯಮ ಏನರ ಇಟ್ಟೀಯೇನು?"

ಅಂಥ ನಿಯಮ ನಾನು ಮಾಡಿರಲಿಲ್ಲ. ಮಾಡಬೇಕೆಂದು ಹೊಳೆದೂ ಇರಲಿಲ್ಲ. ಆದರೆ ಅವರ ಮುಖ ನೋಡಿ, ಯೋಚಿಸುವ ಮೊದಲೇ, "ಅದ ರಿ ಚಾಚಾ" ಅಂದುಬಿಟ್ಟೆ.

ಅವರು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು.

"ಎಷ್ಟು ದಿನ ಹತ್ತತದ?"